ಇಸಿಜಿ ನಾರ್ಮಲ್

ಮೊದಲನೇ ಸಲ ಆಗಿದ್ದು ಭೀಮಾ ಬ್ರಿಜ್ ಮ್ಯಾಲ,
ಮುಂಜಾನಿ ಏಳು ಹತ್ತರ ಯಾದಗಿರಿ–ಶಹಾಪುರ ಗಾಡಿ.
ದೋರನಹಳ್ಳಿ ಮುದುಕನಿಗಿ ಚಿಲ್ಲರ ಎಣಿಸ್ತಿದ್ದೆ.
ಎರಡರ ಬಿಲ್ಲೆ ಕೈಯಾಗೇ ಇತ್ತು,
ಕೈ ಮಾತ್ರ ನಂದಿರಲಿಲ್ಲ.

ಎದಿ ಒಳಗ ಯಾರೋ ಸೀಟಿ ಊದಿದ್ರು,
ಒಂದೇ ಸೀಟಿ, ಗಾಡಿ ನಿಲ್ಲಿಸು ಅನ್ನೂ ಸೀಟಿ.
ಅಲ್ಲಿ ಸ್ಟಾಪ್ ಇಲ್ಲ.
ಇಳಿಯವ್ರು ಯಾರೂ ಇಲ್ಲ.
ತೆಳಗ ಬ್ಯಾಸಗಿ ನೀರು, ಮೊಣಕಾಲಷ್ಟು.

ಬೆರಳ ತುದಿ ಜುಮ್ ಅಂದ್ವು.
ಗಂಟಲಾಗ ರೊಟ್ಟಿ ತುಣುಕು ಸಿಕ್ಕಂಗ,
ನಾ ಅವತ್ತು ಏನೂ ತಿಂದಿರಲಿಲ್ಲ.
ಬಸ್ಸು ಸಣ್ಣದಾಯ್ತು. ಜನ ದೂರಾದ್ರು.
ಸಾಯ್ತೀನಿ ಅಂದ್ಕೊಂಡೆ,
ಬ್ಯಾಗಿನಾಗಿನ ಲೆಕ್ಕ ಯಾರು ಹೊಂದಿಸ್ತಾರ ಅಂದ್ಕೊಂಡೆ.

ಡ್ರೈವರ್ ಮೌನೇಶ ಗಾಡಿ ತಿರುಗಿಸಿ
ಸೀದಾ ದವಾಖಾನಿ ಮುಂದ ನಿಲ್ಲಿಸಿದ,
ಐವತ್ಮೂರು ಪ್ಯಾಸೆಂಜರ್ ಸಮೇತ.
ಎದಿ ಮ್ಯಾಲ ತಣ್ಣನ ಅಂಟು, ವೈರು,
ಕಾಗದದ ಮ್ಯಾಲ ಗುಡ್ಡ, ತಗ್ಗು, ಗುಡ್ಡ.
"ನಾರ್ಮಲ್ ಅದ," ಅಂದ ಹುಡುಗ ಡಾಕ್ಟರ,
"ಏನೂ ಆಗಿಲ್ಲ, ಏಳ್ರಿ."

ಏನೂ ಆಗಿಲ್ಲ ಅನ್ನೂದು ಎಷ್ಟು ದೊಡ್ಡ ಬೈಗುಳ ಅಂತ
ಆವಾಗ ತಿಳೀತು.

ಮೂರು ತಿಂಗಳಾಗ ನಾಕು ಇಸಿಜಿ, ನಾಕೂ ನಾರ್ಮಲ್.
ಹಾಸಿಗಿ ತೆಳಗ ಇಟ್ಟೀನಿ, ಹೊಲದ ಪಹಣಿ ಇಟ್ಟಂಗ.
ಅತ್ತಿ ನಿಂಬಿಹಣ್ಣು ಇಳಿಸಿದ್ಲು.
ಬಾಜೂ ಮನಿ ಆಪಾ ತಾಯತ ತಂದು ತೋಳಿಗಿ ಕಟ್ಟಿದ್ಲು.
ಡ್ಯೂಟಿ ತಪ್ಪಿಸ್ಲಾಕ ಸಾಬಮ್ಮನ ನಾಟಕ ಅಂದ್ರು ಡಿಪೋದಾಗ.
ಗಂಡ ಏನೂ ಅನ್ನಲಿಲ್ಲ. ರಾತ್ರಿ ಮೂರಕ್ಕ ನಾ ಎದ್ದು ಕುಂತ್ರ
ತಾನೂ ಎದ್ದು ಫ್ಯಾನ್ ಜೋರು ಮಾಡ್ತಿದ್ದ.
ಅವನಿಗಿ ಗೊತ್ತಿದ್ದ ಔಷಧ ಅದೊಂದೇ.

ಆಮ್ಯಾಲ ಅಂಜಿಕಿ ಬ್ರಿಜ್ ಬಿಟ್ಟು ಊರೊಳಗ ಬಂತು.
ಮತ್ತ ಬರ್ತದೇನೋ ಅನ್ನೂ ಅಂಜಿಕಿ.
ಹಾಲಿನಂಗಡಿ, ಮಗಳ ಸಾಲಿ ಮೀಟಿಂಗು,
ಪಾಸ್ ಇದ್ದವ್ರಂಗ ಎಲ್ಲಿ ಬೇಕಂದಲ್ಲಿ ಹತ್ತಿ ಕೂಡ್ಲಾಕತ್ತು.

ಮಂಗಳವಾರ. ಜಿಲ್ಲಾ ಆಸ್ಪತ್ರಿ, ಹದಿನಾಲ್ಕನೇ ರೂಮು.
ಬಾಗಿಲ ಮ್ಯಾಲಿನ ಬೋರ್ಡಿಗಿ ಹೆದರಿ
ಸೆರಗು ಎಳಕೊಂಡು ಒಳಗ ಹೋದ್ರ
ಬೆಂಚಿನ ಮ್ಯಾಲ ನಮ್ಮ ಡಿಪೋ ಮೆಕ್ಯಾನಿಕ್ ಕುಂತಾನ.
ಇಬ್ಬರೂ ಗೋಡಿ ನೋಡಿದ್ವಿ.

ನಾಝನೀನ್ ಮೇಡಂ ಪೆನ್ನು ಇಟ್ಟು ಕೇಳಿದ್ರು.
"ಸೀಟಿ ಖರೇ ಅದ," ಅಂದ್ರು,
"ಊದವ್ರು ಹೊತ್ತು ತಪ್ಯಾರ ಅಷ್ಟೇ.
ನಿಮ್ಮನ್ನ ಕಾಯ್ಲಾಕೇ ಕುಂತದ ಅದು,
ಜರಾ ಅತಿ ಕಾಯ್ತದ."

ಯಾಕ ಬಂತು ಅಂದ್ರ ಉತ್ತರ ಒಂದೇ ಇಲ್ಲಂತ.
ನಮ್ಮವ್ವ ಬಾವಿ ದಂಡಿಗಿ ಹೋಗ್ತಿರಲಿಲ್ಲ,
ನೀರು ಸೇದ್ಲಾಕ ಅಕ್ಕನ ಕಳಸ್ತಿದ್ಲು,
ಯಾಕವ್ವಾ ಅಂತ ನಾವು ಕೇಳೇ ಇಲ್ಲ.
ಎರಡು ವರ್ಷದ ನೈಟ್ ಔಟ್. ದಿನಕ್ಕ ಆರು ಚಹಾ.
ತಮ್ಮನ ಮಣ್ಣು ಮಾಡಿದ ನಾಕನೇ ದಿನ
ನಾ ಮಷಿನ್ ಹಿಡಕೊಂಡು ಗಾಡಿ ಹತ್ತಿದ್ದು.
ಎಲ್ಲಾನೂ ಟಿಕೀಟು ತಗೊಂಡೇ ಹತ್ಯಾವ,
ಹರಿದು ಕೊಟ್ಟಾಕಿ ನಾನೇ.

ಗುಳಿಗಿ ಎರಡು ವಾರ ಬಾಯಿ ಒಣಗಿಸ್ತು, ಬ್ಯಾರೇನೂ ಮಾಡಲಿಲ್ಲ.
ಬಿಡಬ್ಯಾಡ್ರಿ ಅಂದಿದ್ರು, ಬಿಡಲಿಲ್ಲ.
ಕೌನ್ಸೆಲರ್ ಹುಡುಗಿ ಸುಗಂಧಾ ಉಸಿರು ಕಲಿಸಿದ್ಲು:
ನಾಕು ಎಣಿಸಿ ಒಳಗ, ಆರು ಎಣಿಸಿ ಹೊರಗ,
ಏಳಬೇಕಾದ್ದು ಹೊಟ್ಟಿ, ಭುಜ ಅಲ್ಲ.
ಹದಿನೆಂಟು ವರ್ಷ ಜನ ಎಣಿಸಿದಾಕಿಗಿ
ಉಸಿರು ಎಣಿಸ್ಲಾಕ ನಾಚಿಕಿ.

ಆಮ್ಯಾಲ ಹೋಂವರ್ಕು. ಬ್ರಿಜ್ ತನಕ ನಡದು ಬಾ.
ಮುಂದಿನ ವಾರ ಹತ್ತು ಕಂಬ.
ಅದರ ಮುಂದಿನ ವಾರ ನಟ್ಟನಡು.

ನಡುವಿನ ಕಂಬದ ಹತ್ರ ಬಂತು ಅದು.
ನಿಂತೆ. ಕಬ್ಬಿಣ ಹಿಡಕೊಂಡು ನಿಂತೆ.
ಒಂದು ಸಿಮೆಂಟ್ ಲಾರಿ ಹಾದು ಹೋಯ್ತು.
ಬ್ರಿಜ್ಜೂ ನಡುಗ್ತದ ಅಂತ
ಇಷ್ಟು ವರ್ಷ ನನಗ ಗೊತ್ತೇ ಇರಲಿಲ್ಲ.
ಹನ್ನೆರಡು ನಿಮಿಷ. ಹೇಳದೇ ಕೇಳದೇ ಇಳದು ಹೋಯ್ತು.

ಈಗ ಮತ್ತ ಏಳು ಹತ್ತರ ಗಾಡಿ ನಂದೇ.
ಶಹಾಪುರ ಬಂದಂಗ ಮಲಗಿದ ಗುಡ್ಡ ಕಾಣ್ತದ,
ಬುದ್ಧ ಅಂತಾರ. ಅದರ ಹೊಟ್ಟಿ ನೋಡ್ತೀನಿ
ಏಳ್ತದೇನು ಅಂತ. ಏಳಂಗಿಲ್ಲ. ನಂದು ಏಳ್ತದ.

ನಿನ್ನಿ ಮತ್ತ ಬಂದಿತ್ತು, ಸಣ್ಣದು.
ದೋರನಹಳ್ಳಿ ಮುದುಕ ಫುಟ್‌ಬೋರ್ಡಿನಾಗ ಕೈ ಚಾಚಿ ನಿಂತಿದ್ದ:
"ಎರಡು ರೂಪಾಯಿ ಬರಬೇಕಲ್ಲವಾ, ತಾಯಿ."
ಕೊಟ್ಟೆ.
ಎರಡು ಸೀಟಿ ಊದಿದೆ.